ಗೇಟ್ ದಾಟದ ಸ್ಕೌಟ್ ದಳ ಯಾರಿಗೆ ಬೇಕು?

ಜಿಲ್ಲೆಯಿಂದ ಸುದ್ದಿ ಕಳಿಸಿ ಬದುಕುವ ನಮ್ಮಂಥವರಿಗೆ ಎರಡು ಸುದ್ದಿಗಳು ನಿದ್ದೆಗಣ್ಣಲ್ಲೂ ಬರೆಯೋಕೆ ಬರುತ್ತವೆ.

ಮೊದಲನೆಯದು ಆಗಸ್ಟ್ 15ರದ್ದು. ತಾಲ್ಲೂಕು ಕ್ರೀಡಾಂಗಣದಲ್ಲಿ ಧ್ವಜಾರೋಹಣ, ಆಮೇಲೆ ಪಥಸಂಚಲನ. ಪೊಲೀಸರು, ಗೃಹರಕ್ಷಕ ದಳ, ಎನ್‌ಸಿಸಿ, ಕೊನೆಗೆ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು. ಇಸ್ತ್ರಿ ಮಾಡಿದ ಸಮವಸ್ತ್ರ, ಕೊರಳಲ್ಲಿ ಸ್ಕಾರ್ಫ್. ಫೋಟೊ ಚೆನ್ನಾಗಿ ಬರುತ್ತದೆ.

ಎರಡನೆಯದು ಬೇಸಿಗೆ ರಜೆಯದು, ಇಲ್ಲವೇ ಮಳೆ ಬಿದ್ದು ಕೆರೆಕಟ್ಟೆ ತುಂಬಿದ ಮೇಲಿನದು. ‘ಈಜಲು ಹೋದ ಇಬ್ಬರು ಬಾಲಕರು ನೀರುಪಾಲು’. ಊರು ಬದಲಾಗುತ್ತದೆ, ವಯಸ್ಸು ಬದಲಾಗುತ್ತದೆ, ಉಳಿದ ಕಥೆ ಹಾಗೇ ಇರುತ್ತದೆ. ಒಬ್ಬ ಕಾಲು ಜಾರಿ ಬಿದ್ದ. ಅವನನ್ನು ಹಿಡಿಯಲು ಹೋದ ಇನ್ನೊಬ್ಬನೂ ಮುಳುಗಿದ. ದಡದಲ್ಲಿದ್ದ ಮೂರನೆಯವನು ಊರ ಕಡೆ ಓಡಿದ. ಜನ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಈ ಎರಡು ಸುದ್ದಿಗಳಿಗೆ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಮೊದಲ ಸುದ್ದಿಯ ಮಕ್ಕಳಿಗೆ ಕಲಿಸಬೇಕಾದದ್ದನ್ನು ಕಲಿಸಿದ್ದರೆ ಎರಡನೇ ಸುದ್ದಿ ಎಷ್ಟೋ ಸಲ ಬರೆಯಬೇಕಾಗುತ್ತಿರಲಿಲ್ಲ. ನೀರಿನ ಹತ್ತಿರ ಹೇಗಿರಬೇಕು, ಬಿದ್ದವನನ್ನು ಹೇಗೆ ಎಳೆಯಬೇಕು, ಹಗ್ಗಕ್ಕೆ ಯಾವ ಗಂಟು ಹಾಕಬೇಕು ಅನ್ನುವುದು ಸ್ಕೌಟ್ ಕಲಿಕೆಯ ಹೊಟ್ಟೆಯೊಳಗೇ ಇರುವ ಪಾಠ. ಆದರೆ ನಮ್ಮ ಹಳ್ಳಿ ಶಾಲೆಗಳಲ್ಲಿ ಆ ಪಾಠ ಕಾಂಪೌಂಡ್ ಒಳಗೇ ಸತ್ತಿದೆ. ಉಳಿದಿರುವುದು ಸ್ಕಾರ್ಫ್ ಮಾತ್ರ.

ನಮ್ಮ ಮಾತು ಇಷ್ಟೇ: ಶಾಲೆಯ ಗೇಟ್ ದಾಟದ ಸ್ಕೌಟ್ ದಳ ಸ್ಕೌಟ್ ದಳವೇ ಅಲ್ಲ. ‘ಹೊರಗೆ ಕರೆದುಕೊಂಡು ಹೋದರೆ ಅಪಾಯ’ ಅನ್ನುವ ಹೆದರಿಕೆ ನಮ್ಮ ಮಕ್ಕಳನ್ನು ಅಪಾಯದಿಂದ ಉಳಿಸಿಲ್ಲ. ಅಪಾಯದ ಜಾಗದಲ್ಲಿ ಅವರ ಜೊತೆ ಒಬ್ಬ ಮೇಷ್ಟ್ರು ಇಲ್ಲದ ಹಾಗೆ ಮಾಡಿದೆ, ಅಷ್ಟೇ.

ಇದು ಶುರುವಾದದ್ದೇ ಬಯಲಲ್ಲಿ

ಸ್ಕೌಟ್ ಅನ್ನುವುದು ಕ್ಲಾಸ್‌ರೂಮಿನಲ್ಲಿ ಹುಟ್ಟಿದ್ದಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಅನ್ನುವ ಪುಟ್ಟ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋಗಿ ಗುಡಾರ ಹಾಕಿ ಮಲಗಿಸಿದ್ದೇ ಅದರ ಮೊದಲ ಪಾಠ. ಶ್ರೀಮಂತರ ಶಾಲೆಯ ಹುಡುಗರು ಮತ್ತು ಕೂಲಿಕಾರರ ಮನೆಯ ಹುಡುಗರು ಒಂದೇ ಗುಂಪಿನಲ್ಲಿದ್ದರು, ಒಂದೇ ಒಲೆಯ ಮುಂದೆ ಕೂತಿದ್ದರು. ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂದದ್ದು ಮರುವರ್ಷ, 1908ರಲ್ಲಿ. ಅಂದರೆ ಮೊದಲು ಶಿಬಿರ, ಆಮೇಲೆ ಪುಸ್ತಕ. ನಮ್ಮಲ್ಲಿ ಪುಸ್ತಕವೂ ಇಲ್ಲ, ಶಿಬಿರವೂ ಇಲ್ಲ, ನೇರ ಪರೇಡ್.

ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಗೊತ್ತಿರಲಿ. ಭಾರತದಲ್ಲಿ ಸ್ಕೌಟ್ ಮೊದಲು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 1909ರಲ್ಲಿ, ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಆಗ ಅದು ಬ್ರಿಟಿಷರ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆನಿ ಬೆಸೆಂಟ್, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮುಂತಾದವರು ಭಾರತೀಯ ಮಕ್ಕಳಿಗಾಗಿಯೇ ಬೇರೆ ಸಂಘಟನೆ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಟನೆಗಳು ಸೇರಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಆದ್ದರಿಂದ ‘ಇದು ಬ್ರಿಟಿಷರ ಕಾಲದ ಕವಾಯತು, ನಮಗ್ಯಾಕೆ’ ಅನ್ನುವವರಿಗೆ ಒಂದೇ ಉತ್ತರ. ಬ್ರಿಟಿಷರು ನಮ್ಮ ಮಕ್ಕಳಿಗೆ ಕೊಡಲ್ಲ ಅಂದಿದ್ದನ್ನು ನಮ್ಮ ಹಿರಿಯರು ಹಟ ಹಿಡಿದು ದಕ್ಕಿಸಿಕೊಟ್ಟರು. ಈಗ ಅದನ್ನು ನಾವೇ ಕಸಿದುಕೊಳ್ಳುತ್ತಿದ್ದೇವೆ. ಇನ್ನು ಕವಾಯತಿನ ವಿಷಯ: ಸೇನೆಯಲ್ಲಿದ್ದು ಬಂದ ಬೇಡನ್ ಪೊವೆಲ್ಲನಿಗೇ ಮಕ್ಕಳಿಗೆ ಬರೀ ಕವಾಯತು ಮಾಡಿಸುವುದು ಹಿಡಿಸುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಕಾಡು, ನೀರು, ಬೆಂಕಿ, ನಕ್ಷತ್ರ.

ನಮ್ಮ ದಾವಣಗೆರೆ ಜಿಲ್ಲೆಗೆ ಇದರಲ್ಲಿ ಇನ್ನೂ ಹತ್ತಿರದ ನಂಟಿದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಗುಡ್ಡ, ಕೆರೆ, ಕುರುಚಲು ಕಾಡಿನ ನಡುವೆ ಸ್ಕೌಟ್ ತರಬೇತಿ ಕೇಂದ್ರವೇ ಇದೆ. ರಾಜ್ಯದ ಸ್ಕೌಟ್ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಇಂಥ ಜಿಲ್ಲೆಯಲ್ಲಿ ಹುಟ್ಟಿ, ಮೂರು ವರ್ಷ ಸ್ಕಾರ್ಫ್ ಕಟ್ಟಿ, ಒಂದು ರಾತ್ರಿಯೂ ಗುಡಾರದಲ್ಲಿ ಮಲಗದೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ನಾವು ಊರೂರಲ್ಲಿ ಕಾಣುತ್ತೇವೆ. ಇದಕ್ಕಿಂತ ದೊಡ್ಡ ಅಣಕ ಬೇಕೇ?

ಸ್ಕೌಟ್ ಅಂದರೆ ಸ್ವಾಗತ ಸಮಿತಿಯಲ್ಲ

ಈಗ ನಮ್ಮ ಹಳ್ಳಿ ಶಾಲೆಗಳಲ್ಲಿ ಸ್ಕೌಟ್ ಮಕ್ಕಳು ಮಾಡುವ ಕೆಲಸ ಏನು ಅಂತ ಪಟ್ಟಿ ಮಾಡೋಣ. ಶಾಸಕರು ಬಂದರೆ ಎರಡು ಸಾಲಾಗಿ ನಿಂತು ಚಪ್ಪಾಳೆ ಹೊಡೆಯುವುದು. ಪ್ರತಿಭಾ ಕಾರಂಜಿಯಲ್ಲಿ ಕುರ್ಚಿ ಹಾಕುವುದು, ನೀರಿನ ಬಾಟಲಿ ಹಂಚುವುದು. ಜಾತ್ರೆಯಲ್ಲಿ ಜನರನ್ನು ಸಾಲಿನಲ್ಲಿ ನಿಲ್ಲಿಸುವುದು. ಅಧಿಕಾರಿ ತಡವಾಗಿ ಬಂದರೆ ಅಲ್ಲಿವರೆಗೆ ಬಿಸಿಲಲ್ಲಿ ಕಾಯುವುದು. ತಲೆ ಸುತ್ತಿ ಬಿದ್ದ ಹುಡುಗಿಗೆ ನೀರು ಕುಡಿಸುವುದೊಂದೇ ಅಲ್ಲಿ ನಡೆಯುವ ಪ್ರಥಮ ಚಿಕಿತ್ಸೆ.

ಸೇವೆ ಮಾಡುವುದು ತಪ್ಪಲ್ಲ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ತಾಯಿಗೆ ಮುಟ್ಟಿಸುವ ಸ್ಕೌಟ್ ಹುಡುಗ ನಿಜವಾದ ಸ್ಕೌಟೇ. ಆದರೆ ಸೇವೆ ಬೇರೆ, ಚಾಕರಿ ಬೇರೆ. ಮೇಲಿನವರ ಕಾರ್ಯಕ್ರಮಕ್ಕೆ ಪುಕ್ಕಟೆ ಕೈಗಳು ಬೇಕಾದಾಗ ನೆನಪಾಗುವ ದಳಕ್ಕೆ ಉಳಿದ ದಿನಗಳಲ್ಲಿ ಒಂದು ಗಂಟೆ ಸಮಯವೂ ವೇಳಾಪಟ್ಟಿಯಲ್ಲಿ ಸಿಗುವುದಿಲ್ಲ ಅಂದರೆ ಅದನ್ನು ಇನ್ನೇನು ಅನ್ನಬೇಕು?

ಎರಡನೇ ರೋಗ ಸರ್ಟಿಫಿಕೇಟ್. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿಗೂ ಮಾಡಿ ತೋರಿಸಬೇಕಾದ ಕೆಲಸಗಳಿವೆ: ಗಂಟು, ಅಡುಗೆ, ದಿಕ್ಕು ಗುರುತಿಸುವುದು, ಪ್ರಥಮ ಚಿಕಿತ್ಸೆ, ಕಾಲ್ನಡಿಗೆಯ ಹೈಕ್. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಕೋಟಾ ಇದೆ ಅಂತ ತಂದೆತಾಯಿಗೂ ಗೊತ್ತು. ಕೋಟಾ ಇರುವುದು ಒಳ್ಳೆಯದೇ. ಆದರೆ ಹೈಕ್ ಮಾಡದೆ ಹೈಕಿನ ವರದಿ ಬರೆಯುವುದು, ಹಿಂದಿನ ವರ್ಷದ ಲಾಗ್ ಪುಸ್ತಕ ನೋಡಿ ನಕಲು ಮಾಡುವುದು, ಅಡುಗೆ ಮಾಡದೆ ಅಡುಗೆಯ ಚಿತ್ರ ಅಂಟಿಸುವುದು ನಡೆಯುತ್ತಿದೆ. ಹೀಗೆ ಪಡೆದ ಕಾಗದ ನೀರಿಗೆ ಬಿದ್ದವನನ್ನು ಎತ್ತುವುದಿಲ್ಲ.

ಬಾವಿ ಹೋಯಿತು, ಹೊಂಡ ಬಂತು

‘ನಮ್ಮ ಹುಡುಗ್ರು ಹಳ್ಳಿ ಹುಡುಗ್ರು ಸಾರ್. ಗುಡ್ಡ, ಕೆರೆ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ’ ಅನ್ನುವ ಮಾತನ್ನು ಎಸ್‌ಡಿಎಂಸಿ ಸದಸ್ಯರೇ ನಮಗೆ ಹೇಳಿದ್ದುಂಟು. ಈ ಮಾತು ಒಂದು ಕಾಲಕ್ಕೆ ನಿಜ. ಈಗ ಅಲ್ಲ. ಯಾಕೆ ಅಂತ ನೋಡಿ.

ನಮ್ಮ ಅಪ್ಪಂದಿರ ಕಾಲದಲ್ಲಿ ತೋಟದ ಬಾವಿ ಇತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಸೋದರಮಾವನೋ ಚಿಕ್ಕಪ್ಪನೋ ಹುಡುಗರನ್ನು ನೀರಿಗೆ ಇಳಿಸುತ್ತಿದ್ದರು. ಹಗ್ಗದ ಇನ್ನೊಂದು ತುದಿ ಮೇಲೆ ದೊಡ್ಡವರ ಕೈಯಲ್ಲಿ. ಎರಡು ವಾರದಲ್ಲಿ ಹುಡುಗ ಈಜುತ್ತಿದ್ದ. ಅದೇ ಆ ಕಾಲದ ಸ್ಕೌಟ್ ದಳ ಅನ್ನಿ.

ಆಮೇಲೆ ಬೋರ್‌ವೆಲ್ ಬಂತು. ಬಾವಿಗಳು ಒಣಗಿದವು, ಕೆಲವನ್ನು ಮುಚ್ಚಿದರು, ಕೆಲವಕ್ಕೆ ಕಸ ತುಂಬಿದರು. ಒಂದು ತಲೆಮಾರು ನೀರಿಗೆ ಇಳಿಯದೆ ಬೆಳೆಯಿತು. ಈಗ ಆ ತಲೆಮಾರಿನವರು ಅಪ್ಪ ಅಮ್ಮ ಆಗಿದ್ದಾರೆ. ಅವರಿಗೇ ಈಜು ಬಾರದು, ಮಕ್ಕಳಿಗೆ ಯಾರು ಕಲಿಸಬೇಕು?

ಅಷ್ಟರಲ್ಲಿ ನೀರು ಇನ್ನೊಂದು ರೂಪದಲ್ಲಿ ಹೊಲಕ್ಕೆ ವಾಪಸ್ ಬಂತು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಜಗಳೂರಿನಂಥ ಒಣ ತಾಲ್ಲೂಕುಗಳಲ್ಲೂ ಕೃಷಿ ಹೊಂಡಗಳು ಆದವು. ರೈತರಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಂಡ ಬಾವಿಯಲ್ಲ. ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿಯಿತ್ತು. ಹೊಂಡಕ್ಕೆ ನೀರು ಇಂಗದ ಹಾಗೆ ಪಾಲಿಥೀನ್ ಹಾಳೆ ಹಾಸಿರುತ್ತಾರೆ. ಇಳಿಜಾರು ದಡ, ಅದರ ಮೇಲೆ ಪಾಚಿ. ಒಮ್ಮೆ ಕಾಲು ಜಾರಿದರೆ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ಈಜು ಬರುವ ಗಂಡಾಳೂ ಹತ್ತಿ ಬರಲಾರ.

ಈಜು ಬಾರದ ತಲೆಮಾರಿನ ಮನೆಬಾಗಿಲಿಗೆ ಹೊಂಡ ಬಂದು ಕೂತಿದೆ. ಹೊನ್ನಾಳಿ ಹರಿಹರದ ಕಡೆ ತುಂಗಭದ್ರೆ ಇದೆ, ಚನ್ನಗಿರಿ ಕಡೆ ಸೂಳೆಕೆರೆ ಇದೆ, ನಡುವೆ ಭದ್ರಾ ನಾಲೆ ಹರಿಯುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ ಗಾದೆ ಹೇಳುತ್ತದೆ. ಊರಲ್ಲೇ ಹುಟ್ಟಿದ ಮಗು ನೀರಿಗೆ ಹೋಗದೆ ಇರುತ್ತದೆಯೇ?

ಸಂಜೆ ಬೆಲ್ ಹೊಡೆದ ಮೇಲೆ, ಭಾನುವಾರ, ರಜೆಯಲ್ಲಿ ಮಕ್ಕಳು ಹೊರಗೇ ಇರುತ್ತಾರೆ. ಮೇಷ್ಟ್ರು ಗೇಟ್ ಹಾಕಿ ಮನೆಗೆ ಹೋಗಿರುತ್ತಾರೆ. ಶಾಲೆಯ ದಾಖಲೆಯಲ್ಲಿ ಅಪಾಯ ಇಲ್ಲ, ಊರಲ್ಲಿ ಇದೆ.

ಪ್ರವಾಸ ಬೇರೆ, ಶಿಬಿರ ಬೇರೆ

ಹೆದರುವ ಮುಖ್ಯ ಶಿಕ್ಷಕರನ್ನು ನಾವು ಗೇಲಿ ಮಾಡುವುದಿಲ್ಲ. ಅವರ ಹೆದರಿಕೆಗೆ ಕಾರಣ ಇದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಕೇಳಿದ ಯಾವ ಮೇಷ್ಟ್ರಿಗೂ ಮಕ್ಕಳನ್ನು ಗೇಟಿನಾಚೆ ಕರೆದೊಯ್ಯಲು ಕೈಕಾಲು ನಡುಗುವುದು ಸಹಜ. ಏನಾದರೂ ಆದರೆ ಅಮಾನತು, ಕೇಸು, ಊರವರ ಕೋಪ ಎಲ್ಲವೂ ಒಬ್ಬರ ತಲೆಯ ಮೇಲೆ ಬರುತ್ತದೆ.

ಆದರೆ ಆ ಸಾವುಗಳಿಂದ ಕಲಿಯಬೇಕಾದ ಪಾಠ ‘ಹೋಗಬೇಡಿ’ ಅಲ್ಲ, ‘ಹೀಗೆ ಹೋಗಬೇಡಿ’ ಅನ್ನುವುದು. ಶಾಲಾ ಪ್ರವಾಸ ಅಂದರೆ ಸಾಮಾನ್ಯವಾಗಿ ಏನು? ಒಂದು ಬಸ್ಸಿಗೆ ಹಿಡಿಸುವಷ್ಟು ಮಕ್ಕಳು, ಮೂರು ದಿನದಲ್ಲಿ ಹತ್ತು ಊರು, ರಾತ್ರಿಯೆಲ್ಲ ಪ್ರಯಾಣ, ಗುರುತಿಲ್ಲದ ನೀರು, ನಿದ್ದೆಗೆಟ್ಟ ಮೇಷ್ಟ್ರುಗಳು. ಅಲ್ಲಿ ಮಕ್ಕಳು ನೋಡುಗರು. ಅವರಿಗೆ ಯಾವ ಜವಾಬ್ದಾರಿಯೂ ಇಲ್ಲ.

ಸ್ಕೌಟ್ ಹೈಕ್ ಇದಕ್ಕೆ ಪೂರಾ ಉಲ್ಟಾ. ಗುರುತಿರುವ ಜಾಗ, ಕಡಿಮೆ ದೂರ, ಸಣ್ಣ ಗುಂಪು, ಪ್ರತಿ ಮಗುವಿಗೂ ಒಂದು ಕೆಲಸ. ಸ್ಕೌಟ್ ದಳವನ್ನು ಆರರಿಂದ ಎಂಟು ಮಕ್ಕಳ ಗುಂಪುಗಳಾಗಿ ಒಡೆಯುತ್ತಾರೆ. ಅದಕ್ಕೆ ಪೆಟ್ರೋಲ್ ಅಂತ ಹೆಸರು. ಬಂಕಿನ ಪೆಟ್ರೋಲ್ ಅಲ್ಲ, ಕಾವಲು ತಿರುಗುವ ಗುಂಪು ಅಂತ ಅರ್ಥ. ಪ್ರತಿ ಪೆಟ್ರೋಲಿಗೂ ಮಕ್ಕಳಲ್ಲೇ ಒಬ್ಬ ನಾಯಕ, ಒಬ್ಬ ಉಪನಾಯಕ. ನಲವತ್ತು ಮಕ್ಕಳನ್ನು ಒಬ್ಬ ಮೇಷ್ಟ್ರು ಕಾಯಲಾರ. ಏಳು ಮಕ್ಕಳನ್ನು ಹದಿನಾಲ್ಕು ವರ್ಷದ ನಾಯಕಿ ಕಾಯಬಲ್ಲಳು, ನಾಲ್ಕು ನಾಯಕರನ್ನು ಮೇಷ್ಟ್ರು ಕಾಯಬಲ್ಲರು. ಈ ಸರಳ ಲೆಕ್ಕವೇ ಸ್ಕೌಟ್ ಪದ್ಧತಿಯ ಬೆನ್ನೆಲುಬು.

ಚೆನ್ನಾಗಿ ದಳ ನಡೆಸುವವರು ಹೇಗೆ ನಡೆಸುತ್ತಾರೆ

ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕೈಕಟ್ಟಿ ಕೂತಿಲ್ಲ. ತಮ್ಮ ಪಾಡಿಗೆ ದಳ ನಡೆಸುವ ಕೆಲವು ಸ್ಕೌಟ್ ಮಾಸ್ಟರ್‌ಗಳು, ಗೈಡ್ ಕ್ಯಾಪ್ಟನ್‌ಗಳು ಇದ್ದಾರೆ. ಅವರ ಜೊತೆ ನಡೆದು, ಕೂತು ಮಾತಾಡಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ. ಇದರಲ್ಲಿ ದುಡ್ಡಿನ ಖರ್ಚು ತೀರಾ ಕಡಿಮೆ ಅನ್ನುವುದನ್ನು ಗಮನಿಸಿ.

ಹೈಕ್‌ಗೆ ಎರಡು ದಿನ ಮೊದಲು ಮೇಷ್ಟ್ರು ಆ ದಾರಿಯಲ್ಲಿ ಒಬ್ಬರೇ ನಡೆದು ಬರುತ್ತಾರೆ. ನೆರಳು ಎಲ್ಲಿದೆ, ಜೇನು ಎಲ್ಲಿ ಕಟ್ಟಿದೆ, ಹೊಂಡ ಎಲ್ಲಿದೆ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಬರೆದುಕೊಳ್ಳುತ್ತಾರೆ. ತಂದೆತಾಯಿಯ ಒಪ್ಪಿಗೆ ಪತ್ರ ಪಡೆಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಗ್ರಾಮ ಪಂಚಾಯ್ತಿಗೂ ಮುಂಚೆಯೇ ತಿಳಿಸುತ್ತಾರೆ. ಕಾಡಂಚಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯುತ್ತಾರೆ.

ಬೆಳಿಗ್ಗೆ ಆರೂವರೆಗೆ ಹೊರಟು ಬಿಸಿಲೇರುವ ಮೊದಲು ವಾಪಸ್. ಮುಂದೆ ನಾಯಕ, ಕೊನೆಯಲ್ಲಿ ಉಪನಾಯಕ. ಎಲ್ಲರಿಗಿಂತ ನಿಧಾನ ನಡೆಯುವ ಮಗುವಿನ ಹೆಜ್ಜೆಯೇ ಇಡೀ ದಳದ ಹೆಜ್ಜೆ. ಎಲ್ಲಿ ನಿಂತರೂ ತಲೆ ಎಣಿಕೆ. ಸೀಟಿಗೆ ಒಂದೊಂದು ಅರ್ಥ. ದಾರಿಯಲ್ಲಿ ಕಲ್ಲಿನಿಂದ ಬಾಣದ ಗುರುತು, ತಪ್ಪು ದಾರಿಗೆ ಅಡ್ಡಗೆರೆಯ ಗುರುತು. ವೃತ್ತದ ನಡುವೆ ಚುಕ್ಕೆ ಇಟ್ಟರೆ ‘ಮನೆಗೆ ಹೋಗಿದ್ದೇನೆ’ ಅಂತ. ಕೀನ್ಯಾದಲ್ಲಿರುವ ಬೇಡನ್ ಪೊವೆಲ್ಲನ ಸಮಾಧಿಯ ಮೇಲೂ ಇದೇ ಗುರುತು ಇದೆ.

ಊಟಕ್ಕೆ ಚೀಲದಲ್ಲಿ ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ. ಇಲ್ಲವೇ ಮೂರು ಕಲ್ಲಿನ ಒಲೆ ಹೂಡಿ ಚಿತ್ರಾನ್ನ. ಬೆಂಕಿ ಹಚ್ಚುವುದಕ್ಕಿಂತ ಆರಿಸುವುದಕ್ಕೆ ಹೆಚ್ಚು ಅಂಕ. ನೀರು ಹಾಕಿ, ಮಣ್ಣು ಮುಚ್ಚಿ, ಕೈಯಿಟ್ಟು ತಣ್ಣಗಾಗಿದೆ ಅಂತ ನೋಡಿ ಎದ್ದರಷ್ಟೇ ಪಾಠ ಮುಗಿಯಿತು. ಬೇಸಿಗೆಯಲ್ಲಿ ನಮ್ಮ ಗುಡ್ಡಗಳು ಹೇಗೆ ಉರಿಯುತ್ತವೆ ಅಂತ ನೋಡಿದವರಿಗೆ ಈ ಪಾಠದ ಬೆಲೆ ಗೊತ್ತು.

ಇನ್ನು ಕೆರೆ ದಡದ ಪಾಠ. ಮಕ್ಕಳು ಬಾಯಿಪಾಠ ಮಾಡುವ ಮೊದಲ ಮಾತು: ಹಾರಬೇಡ. ಮುಳುಗುವವನು ಕಾಪಾಡಲು ಬಂದವನನ್ನೇ ಅಪ್ಪಿ ಹಿಡಿಯುತ್ತಾನೆ. ಇಬ್ಬರೂ ಹೋಗುವುದು ಹೀಗೆ. ಮೊದಲು ಕೂಗು. ಆಮೇಲೆ ದಡದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೋಲು ಚಾಚು, ಪಂಚೆ ಚಾಚು, ಸೀರೆ ಚಾಚು. ದೂರ ಇದ್ದರೆ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿ ಎಸೆ. ಬೋಲೈನ್ ಅನ್ನುವ ಗಂಟು ಇದೆ. ಎಷ್ಟು ಎಳೆದರೂ ಕುಣಿಕೆ ಬಿಗಿಯುವುದಿಲ್ಲ, ಬಿಚ್ಚುವುದೂ ಇಲ್ಲ. ಅದಕ್ಕೇ ಮನುಷ್ಯರ ಮೈಗೆ ಹಗ್ಗ ಹಾಕಬೇಕಾದಾಗ ಅದೇ ಗಂಟು. ಹತ್ತು ವರ್ಷದ ಮಗು ಅರ್ಧ ಗಂಟೆಯಲ್ಲಿ ಕಲಿಯುತ್ತದೆ.

ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಅದರಿಂದ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು, 108ಕ್ಕೆ ಫೋನ್. ಇದನ್ನು ಹೇಗೆ ಮಾಡಬೇಕು ಅಂತ ಆರೋಗ್ಯ ಕೇಂದ್ರದವರಿಂದಲೇ ಕಲಿಸಬಹುದು.

ಹಾವು ಕಚ್ಚಿದರೂ ಹಾಗೆ. ಬಿಗಿಯಾಗಿ ದಾರ ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಚ್ಚಿದ ಕಾಲನ್ನು ಮುರಿದ ಕಾಲಿನ ಹಾಗೆ ಕೋಲಿಟ್ಟು ಅಲುಗದಂತೆ ಮಾಡಿ, ನಡೆಸದೆ ಹೊತ್ತು ಆಸ್ಪತ್ರೆಗೆ ಒಯ್ಯಬೇಕು. ಎರಡು ಕೋಲು, ಎರಡು ಅಂಗಿ ಇದ್ದರೆ ಸ್ಟ್ರೆಚರ್ ಆಗುತ್ತದೆ. ಕೊರಳಿನ ಸ್ಕಾರ್ಫ್ ಬಿಚ್ಚಿದರೆ ಮುರಿದ ಕೈಗೆ ಜೋಳಿಗೆ ಆಗುತ್ತದೆ. ಸ್ಕಾರ್ಫ್ ಇರುವುದು ಫೋಟೊಗೆ ಮಾತ್ರ ಅಲ್ಲ, ಇದಕ್ಕೂ.

ಗುಡಾರದೊಳಗೆ ಕೇರಿ ಇರಬಾರದು

ಹೊರಗೆ ಹೋಗುವುದರಿಂದ ಆಗುವ ಇನ್ನೊಂದು ಕೆಲಸ ಇದೆ. ಅದು ಕೆಲವರಿಗೆ ಇಷ್ಟ ಇಲ್ಲ ಅಂತಲೂ ನಮಗೆ ಗೊತ್ತು.

ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಸರಿ. ಆದರೆ ಒಂದೇ ಪಾತ್ರೆಯಲ್ಲಿ ತಾವೇ ಅಡುಗೆ ಮಾಡಿ, ಒಬ್ಬರ ಕೈಯಿಂದ ಒಬ್ಬರು ಬಡಿಸಿಕೊಂಡು, ಒಂದೇ ಗುಡಾರದಲ್ಲಿ ಪಕ್ಕಪಕ್ಕ ಮಲಗುವುದು ಬೇರೆ. ಸ್ಕೌಟ್ ನಿಯಮಗಳು ಒಂಬತ್ತು. ಸ್ಕೌಟ್ ಎಲ್ಲರಿಗೂ ಗೆಳೆಯ ಅನ್ನುವುದು ಅದರಲ್ಲೊಂದು. ಪರೇಡಿನಲ್ಲಿ ಆ ನಿಯಮ ಪರೀಕ್ಷೆಗೆ ಬರುವುದೇ ಇಲ್ಲ. ಒಲೆ ಮುಂದೆ ಬರುತ್ತದೆ. ಅದಕ್ಕೇ ಪೆಟ್ರೋಲ್ ಮಾಡುವಾಗ ಒಂದೇ ಕೇರಿಯ, ಒಂದೇ ಓಣಿಯ ಮಕ್ಕಳನ್ನು ಒಟ್ಟು ಹಾಕಬಾರದು. ಬ್ರೌನ್‌ಸೀ ದ್ವೀಪದಲ್ಲಿ 1907ರಲ್ಲಿ ಸಾಧ್ಯವಾದದ್ದು ನಮ್ಮೂರಿನ ಗೋಮಾಳದಲ್ಲಿ ಈಗ ಯಾಕೆ ಸಾಧ್ಯವಿಲ್ಲ?

ಹೆಣ್ಣುಮಕ್ಕಳ ಮಾತು ಇನ್ನೂ ಬಿಗಿ. ‘ಗೈಡ್ಸ್ ಹುಡುಗಿಯರು ರಾತ್ರಿ ಉಳಿಯೋದು ಬೇಡ’ ಅಂತ ಶಾಲೆಯವರೂ ಮನೆಯವರೂ ಒಂದೇ ದನಿಯಲ್ಲಿ ಹೇಳುತ್ತಾರೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ಸಭೆ ನಡೆದಾಗ ಹುಡುಗಿಯರ ಗುಂಪೊಂದು ಕರೆಯದೆಯೇ ಬಂದು ನಿಂತಿತು, ನಮಗೂ ಇದು ಬೇಕು ಅಂದಿತು. ಮರುವರ್ಷ ಗೈಡ್ಸ್ ಹುಟ್ಟಿತು. ಕೇಳಿ ಪಡೆದ ಹಕ್ಕು ಅದು. ಮಹಿಳಾ ಗೈಡ್ ಕ್ಯಾಪ್ಟನ್, ಚಿಲಕ ಇರುವ ಶೌಚಾಲಯ, ಬೆಳಕು, ಇಬ್ಬರು ತಾಯಂದಿರು ಕಾವಲು. ಇಷ್ಟು ಒದಗಿಸುವುದು ಆಗುವುದಿಲ್ಲ ಅಂದರೆ ಸಮಸ್ಯೆ ಹುಡುಗಿಯರದ್ದಲ್ಲ. ಮೊದಲ ಶಿಬಿರ ಶಾಲೆಯ ಮೈದಾನದಲ್ಲೇ ಆಗಲಿ. ಒಂದು ರಾತ್ರಿ ಗುಡಾರದಲ್ಲಿ ಮಲಗಿ ಎದ್ದ ಹುಡುಗಿಯ ನಡಿಗೆಯೇ ಬೇರೆ ಇರುತ್ತದೆ.

ದುಡ್ಡು, ಮಾರ್ಕ್ಸು, ಸಮಯ

‘ಸಮವಸ್ತ್ರಕ್ಕೆ ದುಡ್ಡೆಲ್ಲಿ?’ ನ್ಯಾಯವಾದ ಪ್ರಶ್ನೆ. ಬಡವ ಶ್ರೀಮಂತ ಅನ್ನುವ ಗುರುತು ಅಳಿಸಲು ತಂದ ಸಮವಸ್ತ್ರವೇ ಇವತ್ತು ಬಡ ಮಗುವನ್ನು ದಳದಿಂದ ಹೊರಗಿಡುತ್ತಿದೆ. ಮೊದಲು ಎಲ್ಲ ಮಕ್ಕಳಿಗೂ ಹಗ್ಗ ಕೊಡಿ, ಸಮವಸ್ತ್ರ ಆಮೇಲೆ ಬರಲಿ. ಎರಡು ಮೀಟರ್ ನೂಲಿನ ಹಗ್ಗ ಇಲ್ಲದೆ ಪೂರ್ತಿ ಸಮವಸ್ತ್ರ ಇರುವ ಮಗುವಿಗಿಂತ, ಹಳೇ ಅಂಗಿಯಲ್ಲಿ ಬೋಲೈನ್ ಹಾಕಬಲ್ಲ ಮಗು ಊರಿಗೆ ಹೆಚ್ಚು ಬೇಕು.

‘ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದರೆ?’ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಹೊರಗೆ ಹೋದರೆ ಫಲಿತಾಂಶ ಬೀಳುವುದಿಲ್ಲ. ಶನಿವಾರ ಹೇಗೂ ಅರ್ಧ ದಿನ. ಬ್ಯಾಗ್ ಇಲ್ಲದ ದಿನಕ್ಕೆ ‘ಸಂಭ್ರಮ ಶನಿವಾರ’ ಅಂತ ಇಲಾಖೆಯೇ ಚೆಂದದ ಹೆಸರಿಟ್ಟಿದೆ. ಆ ಸಂಭ್ರಮವನ್ನು ನಾಲ್ಕು ಗೋಡೆಯ ಒಳಗೇ ಯಾಕೆ ಮುಗಿಸಬೇಕು? ದೂರ ಅಳೆಯುವುದು ಗಣಿತ, ದಿಕ್ಕು ಹುಡುಕುವುದು ಭೂಗೋಳ, ಗಿಡ ಗುರುತಿಸುವುದು ವಿಜ್ಞಾನ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆಂದೇ ಇರುವ ವನ್ಯಧಾಮ. ಆ ಕಾಡಿನ ಅಂಚಿನ ಊರಿನ ಮಗು ನಾಲ್ಕು ಕೊಂಬಿನ ಕೊಂಡುಕುರಿಯನ್ನು ಯೂಟ್ಯೂಬಿನಲ್ಲಿ ನೋಡಬೇಕೇ?

‘ಮೇಷ್ಟ್ರಿಗೆ ಸಮಯ ಎಲ್ಲಿ?’ ಇದು ನಿಜವಾದ ಗಂಟು. ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ, ಮೊಟ್ಟೆಯ ಲೆಕ್ಕ ಎಲ್ಲ ಅವರ ತಲೆ ಮೇಲಿದೆ. ಸ್ಕೌಟ್ ಮಾಸ್ಟರ್ ಆಗಲು ಏಳು ದಿನದ ಮೂಲ ತರಬೇತಿ ಇದೆ. ಹೋಗಿ ಬಂದ ಮೇಲೆ ದಳ ನಡೆಸಿದರೆ ಹೊಗಳುವವರಿಲ್ಲ, ನಡೆಸದಿದ್ದರೆ ಕೇಳುವವರಿಲ್ಲ, ಏನಾದರೂ ಆದರೆ ಮಾತ್ರ ಬೈಯುವವರಿದ್ದಾರೆ. ಹೀಗಿರುವಾಗ ಯಾರು ಮುಂದೆ ಬರುತ್ತಾರೆ? ಭಾನುವಾರ ಮಕ್ಕಳ ಜೊತೆ ಗುಡ್ಡ ಹತ್ತುವ ಮೇಷ್ಟ್ರಿಗೆ ಪರಿಹಾರ ರಜೆ ಕೊಡದ ವ್ಯವಸ್ಥೆಗೆ ಪಥಸಂಚಲನದಲ್ಲಿ ಅವರ ದಳವನ್ನು ತೋರಿಸಿ ಬೀಗುವ ಹಕ್ಕಿಲ್ಲ.

ಹಾಗಾದರೆ ಏನು ಮಾಡಬೇಕು?

ಬರೀ ಬೈದು ಹೋಗುವುದು ನಮ್ಮ ಕೆಲಸ ಅಲ್ಲ. ನಮ್ಮ ಬೇಡಿಕೆಗಳು ಐದು.

ಒಂದು: ತಿಂಗಳಿಗೊಂದು ಶನಿವಾರ ಪ್ರತಿ ದಳ ಗೇಟ್ ದಾಟಬೇಕು. ದೂರದ ಊರು ಬೇಡ. ಊರ ಗುಡ್ಡ, ಕೆರೆ ಏರಿ, ಹಳೇ ಕೋಟೆ, ಹೊಲದ ಬದು ಸಾಕು.

ಎರಡು: ವರ್ಷಕ್ಕೆ ಒಂದು ರಾತ್ರಿಯಾದರೂ ಶಿಬಿರ. ಮೊದಲು ಶಾಲೆಯ ಮೈದಾನದಲ್ಲಿ, ಆಮೇಲೆ ಕೊಂಡಜ್ಜಿಯಂಥ ಜಾಗದಲ್ಲಿ. ಸರ್ಕಾರಿ ಶಾಲೆಯ ಮಕ್ಕಳ ಬಸ್ ಖರ್ಚನ್ನು ಇಲಾಖೆ ಭರಿಸಬೇಕು.

ಮೂರು: ನಿಯಮ ಪ್ರಕಾರ ಒಪ್ಪಿಗೆ ಪಡೆದು, ಎಚ್ಚರ ವಹಿಸಿ ಹೊರಟ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಪರವಾಗಿ ಇಲಾಖೆ ಲಿಖಿತವಾಗಿ ನಿಲ್ಲಬೇಕು. ತರಬೇತಿಗೂ ಶಿಬಿರಕ್ಕೂ ಒಒಡಿ, ರಜೆ ದಿನ ದುಡಿದರೆ ಪರಿಹಾರ ರಜೆ.

ನಾಲ್ಕು: ಬಿಇಒ ಕಚೇರಿ ಶಾಲೆಗಳಿಂದ ‘ಎಷ್ಟು ಮಕ್ಕಳಿಗೆ ಸಮವಸ್ತ್ರ ಇದೆ’ ಅಂತ ಕೇಳುವುದನ್ನು ನಿಲ್ಲಿಸಿ, ‘ಎಷ್ಟು ಸಲ ಹೊರಗೆ ಹೋದಿರಿ, ಎಷ್ಟು ಮಕ್ಕಳಿಗೆ ಹಗ್ಗ ಎಸೆಯಲು ಬರುತ್ತದೆ’ ಅಂತ ಕೇಳಬೇಕು. ಕೇಳಿದ್ದನ್ನೇ ಶಾಲೆಗಳು ಮಾಡುತ್ತವೆ.

ಐದು: ಊರು ಕೈ ಜೋಡಿಸಬೇಕು. ಈಜು ಬರುವ ಹಿರಿಯರು, ನಿವೃತ್ತ ಯೋಧರು, ಆಶಾ ಕಾರ್ಯಕರ್ತೆ, ಅರಣ್ಯ ರಕ್ಷಕರು, ಕುರಿ ಕಾಯುವ ಅಜ್ಜ ಎಲ್ಲರೂ ದಳಕ್ಕೆ ಮೇಷ್ಟ್ರುಗಳೇ. ಮಳೆ ಬರುವ ಮುಂಚೆ ಇರುವೆ ಏನು ಮಾಡುತ್ತದೆ, ಗುಡುಗಿದಾಗ ಒಂಟಿ ಮರದ ಕೆಳಗೆ ಯಾಕೆ ನಿಲ್ಲಬಾರದು ಅಂತ ಆ ಅಜ್ಜನಿಗಿಂತ ಚೆನ್ನಾಗಿ ಹೇಳುವವರು ಯಾರು?

ಆದೇಶ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಿಮ್ಮೂರಿನ ದಳ ಒಂದು ಶನಿವಾರ ಮೇಷ್ಟ್ರ ಜೊತೆ ಊರಿನ ಕೃಷಿ ಹೊ೦ಡಗಳನ್ನು ಎಣಿಸಲಿ. ದಡದಿಂದ ದೂರ ನಿಂತು ನೋಡಿದರೂ ಸಾಕು. ಬೇಲಿ ಇದೆಯೇ, ಹತ್ತಿ ಬರಲು ಹಗ್ಗ ಇಳಿಬಿಟ್ಟಿದ್ದಾರೆಯೇ, ಹತ್ತಿರದ ಮನೆ ಯಾವುದು ಅಂತ ಒಂದು ನಕ್ಷೆ ಬರೆಯಲಿ. ಹೊಂಡದ ಒಡೆಯರ ಒಪ್ಪಿಗೆ ಕೇಳಿ, ದೊಡ್ಡವರ ಕೈಯಿಂದ ಪ್ರತಿ ಹೊಂಡದ ಪಕ್ಕ ಒಂದು ಗೂಟ ಹೊಡೆಸಿ, ಹಗ್ಗ ಕಟ್ಟಿದ ಖಾಲಿ ಕ್ಯಾನು ತೂಗುಹಾಕಲಿ. ನಕ್ಷೆಯ ಒಂದು ಪ್ರತಿ ಗ್ರಾಮ ಪಂಚಾಯ್ತಿ ಗೋಡೆಗೆ ಅಂಟಿಸಲಿ. ಖರ್ಚು ಹಗ್ಗದ್ದು ಮಾತ್ರ. ಯಾವ ಪಥಸಂಚಲನಕ್ಕಿಂತಲೂ ದೊಡ್ಡ ದೇಶಸೇವೆ ಇದು.

ಸ್ಕೌಟಿನ ಧ್ಯೇಯವಾಕ್ಯ ಸಿದ್ಧವಾಗಿರು ಅನ್ನುವುದು. ಯಾವುದಕ್ಕೆ ಸಿದ್ಧ? ಸಚಿವರ ಕಾರು ಬರುವುದಕ್ಕೋ, ಗೆಳೆಯ ನೀರಿಗೆ ಬೀಳುವುದಕ್ಕೋ? ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಈ ಒಂದು ಪ್ರಶ್ನೆ ಕೇಳಿ: ‘ನಮ್ಮ ಶಾಲೆಯ ಸ್ಕೌಟ್ ದಳ ಕೊನೆಯ ಸಲ ಗೇಟ್ ದಾಟಿದ್ದು ಯಾವಾಗ?’ ಉತ್ತರ ಬರದಿದ್ದರೆ ಕೂರಬೇಡಿ.